ಹಲ್ಲಿನ ಕುರ್ಚಿಯ ಹೆದರಿಕೆಗೆ ಯಾವ ಮದ್ದು? ಮಾತ್ರೆ, ಸಿರಪ್ ಮತ್ತು ಗ್ಯಾಸ್ ಪಕ್ಕಪಕ್ಕದಲ್ಲಿ

ಹಲ್ಲಿನ ಕೆಲಸಕ್ಕೆ ಹೆದರುವವರಿಗೆ ಬಾಯಿಯ ಮೂಲಕ ಕೊಡುವ ಮದ್ದುಗಳಲ್ಲಿ ನಮ್ಮ ಕಾಸರಗೋಡಿನ ಕಡೆ ಹೆಚ್ಚು ಬಳಕೆಯಲ್ಲಿರುವವು ಡಯಾಜೆಪಾಮ್, ಲೊರಾಜೆಪಾಮ್, ಮಿಡಜೋಲಾಮ್ ಮತ್ತು ಹೈಡ್ರಾಕ್ಸಿಜಿನ್. ಇವುಗಳ ಎದುರಾಳಿ, ಮೂಗಿನಿಂದ ಎಳೆಯುವ ನೈಟ್ರಸ್ ಆಕ್ಸೈಡ್. ಬಂದವರೆಲ್ಲ ಕೇಳುವುದು ‘ಇದರಲ್ಲಿ ಜೋರು ಯಾವುದು?’ ಎಂದು. ಇವನ್ನೆಲ್ಲ ಕುರ್ಚಿಯ ಪಕ್ಕದಲ್ಲಿ ನಿಂತು ಬಳಸಿ ನೋಡಿದ ನಾವು ಮೊದಲು ನೋಡುವುದು ಗಡಿಯಾರವನ್ನು. ನುಂಗಿ ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಕೆಲಸ ಮುಗಿದ ಮೇಲೂ ಎಷ್ಟು ಹೊತ್ತು ಬಿಡುವುದಿಲ್ಲ, ಆ ಹೊತ್ತಿಗೆ ರೋಗಿ ಬದಿಯಡ್ಕದ ಬಸ್ಸಿನಲ್ಲಿರುತ್ತಾರೋ ಮನೆಯಲ್ಲಿ ಮಲಗಿರುತ್ತಾರೋ ಎಂಬುದೇ ಆಯ್ಕೆಯನ್ನು ಬಹುಪಾಲು ತೀರ್ಮಾನಿಸುತ್ತದೆ.

ಹೋಲಿಕೆಗೆ ಮೊದಲು ಒಂದು ವಿಷಯ. ಇವುಗಳಲ್ಲಿ ಯಾವ ಮಾತ್ರೆಯೂ ನೋವನ್ನು ಕೊಲ್ಲುವುದಿಲ್ಲ. ಆ ಕೆಲಸ ಮರಗಟ್ಟಿಸುವ ಇಂಜೆಕ್ಷನ್ನಿನದು. ಸಾಮಾನ್ಯವಾಗಿ ಬಳಸುವುದು 2% ಲಿಗ್ನೊಕೇನ್, ಜತೆಗೆ ಅಡ್ರಿನಲಿನ್. ಹೆದರುವವರಲ್ಲಿ ಬಹಳ ಮಂದಿಗೆ ನಿಜವಾದ ಭಯ ಆ ಸೂಜಿಯದ್ದೇ. ವಸಡನ್ನು ಹತ್ತಿಯಿಂದ ಒರೆಸಿ ಒಣಗಿಸಿ, ಮರಗಟ್ಟಿಸುವ ಜೆಲ್ ಹಚ್ಚಿ, ಒಂದೆರಡು ನಿಮಿಷ ಕಾದು, ಮದ್ದನ್ನು ನಿಮಿಷಕ್ಕೆ ಒಂದು ಮಿ.ಲೀ.ಗಿಂತ ಬೇಗ ತಳ್ಳದೆ ಕೊಟ್ಟರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಎಂಜಲು ತಾಗಿದ ವಸಡಿನ ಮೇಲೆ ಜೆಲ್ ಹಚ್ಚಿದರೆ ಅದು ತೊಳೆದು ನಾಲಗೆಗೆ ಹೋಗುತ್ತದೆ, ಸೂಜಿ ಚುಚ್ಚುವ ಜಾಗಕ್ಕೆ ಏನೂ ಆಗಿರುವುದಿಲ್ಲ. ಹಲ್ಲಿನ ನರ ಊದಿಕೊಂಡಿದ್ದರೆ ಇಂಜೆಕ್ಷನ್ ಕೂಡ ಸರಿಯಾಗಿ ಹಿಡಿಯದು. ಅಂಥ ಹಲ್ಲಿಗೆ ಮಾತ್ರೆ ಕೊಟ್ಟು ಕೆಲಸಕ್ಕಿಳಿದರೆ ರೋಗಿ ನೋವನ್ನೂ ಉಣ್ಣುತ್ತಾರೆ, ಅದನ್ನು ಸ್ಪಷ್ಟವಾಗಿ ಹೇಳುವ ಶಕ್ತಿಯನ್ನೂ ಕಳೆದುಕೊಂಡಿರುತ್ತಾರೆ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯಲಾಗದವರಿಗೂ ಮಾತ್ರೆಯಿಂದ ಬಾಯಿ ಅಗಲವಾಗದು. ಇದು ಕಾಸರಗೋಡಿನ ತೋಟದ ಊರುಗಳಲ್ಲಿ ಪ್ರತ್ಯೇಕವಾಗಿ ಹೇಳಬೇಕಾದ ಮಾತು.

ಹೆದರಿಕೆಯನ್ನು ಅಳೆಯಲು ಐದು ಪ್ರಶ್ನೆಗಳ ಒಂದು ಪಟ್ಟಿಯಿದೆ: ನಾಳೆ ಹಲ್ಲಿನ ಡಾಕ್ಟರ ಬಳಿ ಹೋಗಬೇಕೆಂದರೆ, ಹೊರಗೆ ಕಾಯುವಾಗ, ಹಲ್ಲು ಕೊರೆಯುವಾಗ, ಹಲ್ಲು ಸ್ವಚ್ಛ ಮಾಡುವಾಗ, ಇಂಜೆಕ್ಷನ್ ಎಂದಾಗ ಹೇಗನಿಸುತ್ತದೆ ಎಂದು. ಪ್ರತಿಯೊಂದಕ್ಕೂ 1ರಿಂದ 5 ಅಂಕ. ಒಟ್ಟು 19 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ ಭಯ. ಅದಕ್ಕಿಂತ ತುಂಬ ಕೆಳಗಿರುವವರಿಗೆ ಜೆಲ್, ನಿಧಾನದ ಸೂಜಿ ಮತ್ತು ‘ಎಡಗೈ ಎತ್ತಿದರೆ ತಕ್ಷಣ ನಿಲ್ಲಿಸುತ್ತೇವೆ’ ಎಂಬ ಒಪ್ಪಂದ ಸಾಕು. ಈ ಒಪ್ಪಂದವನ್ನು ಡಾಕ್ಟರು ಒಂದು ಸಲ ಮುರಿದರೂ ಮುಂದಿನ ಸಲ ಯಾವ ಮಾತ್ರೆಯೂ ನಾಟುವುದಿಲ್ಲ.

ಈಗ ಡಯಾಜೆಪಾಮ್ ಮತ್ತು ಲೊರಾಜೆಪಾಮ್. ವಯಸ್ಕರ ಮಟ್ಟಿಗೆ ನಿಜವಾದ ಪೈಪೋಟಿ ಇರುವುದು ಇವೆರಡರ ನಡುವೆ. ಡಯಾಜೆಪಾಮ್ ಬೇಗ ಹೀರಿಕೊಳ್ಳುತ್ತದೆ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹಿಡಿಯುತ್ತದೆ. ವಾಡಿಕೆಯ ಪ್ರಮಾಣ 5ರಿಂದ 10 ಮಿ.ಗ್ರಾಂ., ಕೆಲಸಕ್ಕೆ ಒಂದು ಗಂಟೆ ಮೊದಲು. ಹಿಂದಿನ ರಾತ್ರಿಯೇ ನಿದ್ದೆ ಬಾರದೆ ಒದ್ದಾಡುವವರಿಗೆ ಮಲಗುವಾಗ 5 ಮಿ.ಗ್ರಾಂ. ಕೊಡುವುದೂ ಉಂಟು. ಇದರ ತೊಂದರೆ ಬಾಲದಲ್ಲಿದೆ. ದೇಹದಲ್ಲಿ ಮದ್ದು ಅರ್ಧಕ್ಕಿಳಿಯಲು ಒಂದೆರಡು ದಿನ ಬೇಕು, ಯಕೃತ್ತು ಅದನ್ನು ಒಡೆದಾಗ ಹುಟ್ಟುವ ಇನ್ನೊಂದು ವಸ್ತು ಅದಕ್ಕಿಂತಲೂ ಹೆಚ್ಚು ಹೊತ್ತು ಉಳಿದು ಮಂಪರು ತರುತ್ತದೆ. ಮರುದಿನ ಬೆಳಿಗ್ಗೆ ಅಡಿಕೆ ಮರ ಹತ್ತುವವರಿಗೆ, ಜೀಪು ಓಡಿಸುವವರಿಗೆ ಇದು ಬೇಡ. ಎಪ್ಪತ್ತು ದಾಟಿದವರು ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವ ಅಪಾಯ ಇರುವುದರಿಂದ ಅವರಿಗೂ ನಾವು ಇದನ್ನು ಆರಿಸುವುದಿಲ್ಲ.

ಲೊರಾಜೆಪಾಮ್ 1ರಿಂದ 2 ಮಿ.ಗ್ರಾಂ. ಸಾಕು. ಸುಮಾರು 12 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಹಿಂದೆ ಮಂಪರು ತರುವ ಉಪವಸ್ತು ಬಿಡುವುದಿಲ್ಲ. ಯಕೃತ್ತು ಸ್ವಲ್ಪ ಸೋತಿರುವವರೂ ವಯಸ್ಸಾದವರೂ ಇದನ್ನು ಉಳಿದವುಗಳಿಗಿಂತ ಸಲೀಸಾಗಿ ಹೊರಹಾಕುತ್ತಾರೆ. ಪ್ರಮಾಣ ಮಾತ್ರ ಅರ್ಧ. ಬುದ್ಧಿಹಲ್ಲು ತೆಗೆಸುವಂಥ ಉದ್ದನೆಯ ಕೆಲಸಕ್ಕೆ ನಮ್ಮ ಒಲವು ಇದರ ಕಡೆಗೇ. ಕೆಲಸದ ನೆನಪು ಅರ್ಧಕ್ಕರ್ಧ ಅಳಿಸಿಹೋಗುವುದರಿಂದ ಮುಂದಿನ ಭೇಟಿಗೆ ಹೊಸ ಭಯ ಕಟ್ಟಿಕೊಳ್ಳುವುದಿಲ್ಲ. ಆದರೆ ಇದು ನಿಧಾನಿ, ಪೂರ್ತಿ ಹಿಡಿಯಲು ಎರಡು ಗಂಟೆ ಬೇಕು. ಎಡವಟ್ಟು ಆಗುವುದೇ ಇಲ್ಲಿ. ಅರ್ಧ ಗಂಟೆ ಮೊದಲು ನುಂಗಿದವರು ‘ಏನೂ ಆಗಲಿಲ್ಲ’ ಎಂದು ಇನ್ನೊಂದು ನುಂಗುತ್ತಾರೆ. ಕೆಲಸವೆಲ್ಲ ಎಚ್ಚರದಲ್ಲೇ, ಭಯದಲ್ಲೇ ಮುಗಿಯುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಎರಡೂ ಒಟ್ಟಿಗೆ ಹಿಡಿಯುತ್ತವೆ. ಎರಡನೇ ಮಾತ್ರೆ ರೋಗಿಯ ಕೈಯಲ್ಲಿ ಇರಲೇಬಾರದು. ಮರೆವಿಗೂ ಇನ್ನೊಂದು ಮುಖವಿದೆ. ಹತ್ತಿ ಎಷ್ಟು ಹೊತ್ತು ಕಚ್ಚಬೇಕು, ಯಾವಾಗ ಬಾಯಿ ಮುಕ್ಕಳಿಸಬಾರದು ಎಂದು ಕೆಲಸದ ನಂತರ ಹೇಳಿದ್ದು ರೋಗಿಯ ತಲೆಯಲ್ಲಿ ನಿಲ್ಲುವುದಿಲ್ಲ. ಬರೆದು ಜತೆಗೆ ಬಂದವರ ಕೈಗೆ ಕೊಡಬೇಕು.

ಮಕ್ಕಳ ವಿಷಯ ಬಂದಾಗ ಎರಡನ್ನೂ ಬದಿಗಿಟ್ಟು ಮಿಡಜೋಲಾಮ್ ಸಿರಪ್. ಕಿಲೋಗೆ 0.5 ಮಿ.ಗ್ರಾಂ., ಅಂದರೆ 15 ಕಿಲೋ ತೂಗುವ ಮಗುವಿಗೆ 7.5 ಮಿ.ಗ್ರಾಂ. ತೂಕವನ್ನು ಅಮ್ಮನ ಅಂದಾಜಿನಿಂದ ತೆಗೆದುಕೊಳ್ಳದೆ ಅಲ್ಲೇ ತೂಗಬೇಕು. ಇಪ್ಪತ್ತು, ಮೂವತ್ತು ನಿಮಿಷದಲ್ಲಿ ಮಗು ಸಡಿಲವಾಗುತ್ತದೆ. ಆಮೇಲೆ ಸಿಗುವ ಒಳ್ಳೆಯ ಹೊತ್ತು ಅರ್ಧ ಗಂಟೆಯ ಆಸುಪಾಸು, ಒಂದು ಹಲ್ಲು ಕೀಳಲು ಅಥವಾ ಒಂದೆರಡು ಹುಳುಕು ತುಂಬಲು ಸಾಕಾಗುವಷ್ಟು. ಮದ್ದು ವಿಪರೀತ ಕಹಿ, ಅರ್ಧ ಉಗುಳುವ ಮಕ್ಕಳೇ ಹೆಚ್ಚು. ಆಗ ‘ಉಗುಳಿದಷ್ಟು ಮತ್ತೆ’ ಎಂದು ಕೊಡಲೇಬಾರದು. ಒಳಗೆ ಎಷ್ಟು ಹೋಗಿದೆ ಎಂಬ ಲೆಕ್ಕ ಯಾರಿಗೂ ಇಲ್ಲ. ಆ ದಿನ ಬಿಟ್ಟು ಇನ್ನೊಂದು ದಿನ ಕರೆಯುವುದೇ ಸರಿ. ಕೆಲವು ಮಕ್ಕಳು ಶಾಂತರಾಗುವ ಬದಲು ಕೆರಳಿ, ಒದೆದು, ಸಮಾಧಾನವೇ ಆಗದಂತೆ ಅಳುತ್ತಾರೆ. ಅದೂ ಮದ್ದಿನದೇ ಗುಣ, ಪ್ರಮಾಣ ಏರಿಸಿದರೆ ಇನ್ನೂ ಕೆಡುತ್ತದೆ. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಫ್ಲುಕೊನಜೋಲ್ ತೆಗೆದುಕೊಳ್ಳುತ್ತಿದ್ದರೆ ಮಿಡಜೋಲಾಮ್ ಕರಗುವುದು ನಿಧಾನವಾಗಿ ನಿದ್ದೆ ಆಳವಾಗುತ್ತದೆ. ಗಂಟಲು ನೋವಿಗೆಂದು ಬೇರೆ ಡಾಕ್ಟರು ಬರೆದ ಚೀಟಿಯನ್ನೂ ನೋಡಬೇಕು. ಈ ಸಿರಪ್ಪನ್ನು ಮನೆಯಲ್ಲಿ ಕುಡಿಸಿ ಕರೆತರುವುದು ಸಲ್ಲದು. ಕುಡಿಸುವ ಜಾಗದಲ್ಲೇ ಬೆರಳಿನ ಆಕ್ಸಿಮೀಟರ್, ಆಮ್ಲಜನಕ, ಮಗುವಿನ ಮುಖಕ್ಕೆ ಹೊಂದುವ ಮಾಸ್ಕ್ ಮತ್ತು ಉಸಿರು ತುಂಬುವ ಚೀಲ, ಅವನ್ನು ಬಳಸಲು ಕಲಿತವರು ಇರಬೇಕು. ಇಷ್ಟು ಇಲ್ಲದ ಕಡೆ ಸಿರಪ್ಪೂ ಬೇಡ.

ಹೈಡ್ರಾಕ್ಸಿಜಿನ್ ಅಲರ್ಜಿಯ ಮದ್ದಿನ ಜಾತಿಯದು. ವಯಸ್ಕರಿಗೆ 25ರಿಂದ 50 ಮಿ.ಗ್ರಾಂ., ಒಂದು ಗಂಟೆ ಮೊದಲು. ಚಟ ಹಿಡಿಸುವುದಿಲ್ಲ. ಸಣ್ಣ ಭಯಕ್ಕೆ ಪರವಾಗಿಲ್ಲ, 19 ಅಂಕ ಮುಟ್ಟಿದವರಿಗೆ ಸಾಲದು; ನಿದ್ದೆ ತೂಗಿಸುತ್ತದೆ, ಭಯ ಹಾಗೇ ಇರುತ್ತದೆ. ಬಾಯಿ ಒಣಗಿಸುವುದು ರೋಗಿಗೆ ಕಿರಿಕಿರಿ, ಹಲ್ಲು ತುಂಬುವವರಿಗೆ ಮಾತ್ರ ಗುಟ್ಟಿನ ಸಂತೋಷ. ಹೃದಯದ ಬಡಿತದ ಲಯ ತಪ್ಪುವ ತೊಂದರೆಯವರಿಗೆ ಬೇಡ.

ನೈಟ್ರಸ್ ಆಕ್ಸೈಡ್ ಇವೆಲ್ಲವನ್ನೂ ಒಂದು ವಿಷಯದಲ್ಲಿ ಸೋಲಿಸುತ್ತದೆ. ನುಂಗಿದ ಮಾತ್ರೆಯನ್ನು ಹಿಂದಕ್ಕೆ ಪಡೆಯಲಾಗದು. ಗ್ಯಾಸನ್ನು ಗುಂಡಿ ತಿರುಗಿಸಿ ಏರಿಸಬಹುದು, ಇಳಿಸಬಹುದು. ಮೊದಲು ಬರೀ ಆಮ್ಲಜನಕ, ಆಮೇಲೆ ಸ್ವಲ್ಪಸ್ವಲ್ಪವೇ ನೈಟ್ರಸ್. ಹೆಚ್ಚಿನವರಿಗೆ 30ರಿಂದ 40% ಸಾಕು. ಕೆಲವೇ ನಿಮಿಷದಲ್ಲಿ ಕೈಕಾಲು ಬೆಚ್ಚಗಾಗಿ ಮೈ ಹಗುರವೆನಿಸುತ್ತದೆ. ವಾಕರಿಕೆ ಬಂದರೆ ಪ್ರಮಾಣ ಹೆಚ್ಚಾಗಿದೆ ಎಂದರ್ಥ. ಕೊನೆಗೆ ಐದು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ತಲೆ ತಿಳಿಯಾಗುತ್ತದೆ. ಆದರೆ ಮೂಗು ಕಟ್ಟಿದ್ದರೆ ಇದು ಕೆಲಸಕ್ಕೆ ಬಾರದು, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಶೀತವಿಲ್ಲದ ಮಗು ಎಲ್ಲಿ ಸಿಗುತ್ತದೆ! ಮಾಸ್ಕನ್ನೇ ಮುಟ್ಟಗೊಡದ ಮಗುವಿಗೂ ಆಗದು. ಗರ್ಭದ ಮೊದಲ ಮೂರು ತಿಂಗಳು, ಬಿ12 ಕೊರತೆ ಇರುವವರಿಗೆ ಬೇಡ. ಯಂತ್ರದ ಖರ್ಚಿನಿಂದಾಗಿ ಸಣ್ಣ ಪೇಟೆಯ ಕ್ಲಿನಿಕ್ಕುಗಳಲ್ಲಿ ಅಪರೂಪ, ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.

ಮದ್ಯ ಅಥವಾ ಕಳ್ಳು ಕುಡಿದವರಿಗೆ, ಟ್ರಮಡಾಲ್‌ನಂಥ ನೋವಿನ ಮಾತ್ರೆಯಲ್ಲಿರುವವರಿಗೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಗೊರಕೆ ಹೊಡೆಯುವವರಿಗೆ ಡಯಾಜೆಪಾಮ್ ಬಳಗದ ಮೂರೂ (ಡಯಾಜೆಪಾಮ್, ಲೊರಾಜೆಪಾಮ್, ಮಿಡಜೋಲಾಮ್) ಅಪಾಯ. ಗರ್ಭಿಣಿಯರಿಗೂ ಬೇಡ. ಕುರ್ಚಿಯಲ್ಲಿ ಆಮ್ಲಜನಕದ ಅಂಕೆ ಇಳಿಯತೊಡಗಿದರೆ ಕೆಲಸ ನಿಲ್ಲಿಸಿ, ಹೆಸರು ಹಿಡಿದು ಗಟ್ಟಿಯಾಗಿ ಕರೆದು, ಗದ್ದ ಎತ್ತಿ, ಆಮ್ಲಜನಕ ಕೊಡಬೇಕು. ಈ ಮೂರಕ್ಕೆ ಫ್ಲುಮಜೆನಿಲ್ ಎಂಬ ಪ್ರತಿಮದ್ದಿದೆ, 0.2 ಮಿ.ಗ್ರಾಂ.ನಿಂದ ಶುರು ಮಾಡಿ ರಕ್ತನಾಳಕ್ಕೇ ಕೊಡಬೇಕು. ಅದರ ಪ್ರಭಾವ ಒಂದು ಗಂಟೆಯ ಹೊತ್ತಿಗೆ ಇಳಿಯುತ್ತದೆ, ಡಯಾಜೆಪಾಮ್ ಇನ್ನೂ ಒಳಗೇ ಇರುತ್ತದೆ. ಎಚ್ಚರವಾದರೆಂದು ಕೂಡಲೇ ಮನೆಗೆ ಕಳಿಸಿದರೆ ದಾರಿಯಲ್ಲಿ ಮತ್ತೆ ನಿದ್ದೆ.

ಊಟದ ವಿಷಯ: ತುಪ್ಪದನ್ನ, ಬಿರಿಯಾಣಿ ಉಂಡು ಮಾತ್ರೆ ನುಂಗಿದರೆ ಹಿಡಿಯುವುದು ತಡ. ಸಿರಪ್ ಕುಡಿಯುವ ಮಗುವಿಗೆ ಹಗುರ ಊಟ ಆರು ಗಂಟೆ ಮೊದಲು, ನೀರು ಎರಡು ಗಂಟೆ ಮೊದಲು ನಿಲ್ಲಬೇಕು. ಹಿಂತಿರುಗುವಾಗ ಸ್ಕೂಟರಿನ ಹಿಂದೆ ಕೂರಿಸುವುದು ಬಸ್ಸಿಗಿಂತಲೂ ಕೆಟ್ಟದು. ತೂಕಡಿಸುವವರು ಹಿಡಿತ ಬಿಡುತ್ತಾರೆ. ಆಟೋ ಅಥವಾ ಕಾರು, ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು.

ಇನ್ನು ಕಾಗದ. ಡಯಾಜೆಪಾಮ್, ಮಿಡಜೋಲಾಮ್ ಸರಕಾರದ ಎಚ್1 ಪಟ್ಟಿಯಲ್ಲಿವೆ, ಅಂದರೆ ಡಾಕ್ಟರ ಚೀಟಿಯಿದ್ದರೆ ಮಾತ್ರ ಮಾರಬಹುದಾದ ಮದ್ದುಗಳಲ್ಲಿ. ಅಂಗಡಿಯವರು ಡಾಕ್ಟರ ಮತ್ತು ರೋಗಿಯ ಹೆಸರು, ಪ್ರಮಾಣ ಬರೆದಿಟ್ಟುಕೊಂಡೇ ಕೊಡಬೇಕು. ಪರಿಚಯದ ಮೇಲೆ ಚೀಟಿಯಿಲ್ಲದೆ ಕೇಳಬೇಡಿ. ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಮಾತ್ರ ಇದ್ದರೆ, ಎಣ್ಮಕಜೆ, ಪೈವಳಿಕೆ ಕಡೆಯ ಕನ್ನಡ ಮಾತ್ರ ಓದಬಲ್ಲ ಹಿರಿಯರು ಕನ್ನಡದಲ್ಲಿ ಓದಿಸಿಕೊಂಡು ರುಜು ಹಾಕಬೇಕು, ಅದೂ ಮಾತ್ರೆ ನುಂಗುವ ಮೊದಲು. ನುಂಗಿದ ಮೇಲೆ ಹಾಕಿದ ರುಜುವಿಗೆ ಬೆಲೆಯಿಲ್ಲ.

ರೂಟ್ ಕೆನಾಲಿನಂತೆ ಎರಡು ಮೂರು ಭೇಟಿಯ ಕೆಲಸವಾದರೆ ಮೊದಲ ದಿನವೇ ಕಾರ್ಡಿನಲ್ಲಿ ನಾಲ್ಕು ವಿಷಯ ಬರೆಸಿಕೊಳ್ಳಿ: ಎಷ್ಟು ಮಿ.ಗ್ರಾಂ., ನುಂಗಿದ ಹೊತ್ತು, ಹಿಡಿದ ಹೊತ್ತು, ಮನೆಯಲ್ಲಿ ಮಂಪರು ಬಿಟ್ಟ ಹೊತ್ತು. ಎರಡನೇ ಭೇಟಿಗೆ ಪ್ರಮಾಣವನ್ನು ಅರ್ಧಕ್ಕಿಳಿಸಬಹುದೇ ಎಂದು ಡಾಕ್ಟರು ಹೇಳುವುದು ಆ ಕಾರ್ಡ್ ನೋಡಿಯೇ. ಮೊದಲ ದಿನ ನೋವಿಲ್ಲದೆ ಮುಗಿದಿದ್ದರೆ ಹಲವರಿಗೆ ಮೂರನೆಯದಕ್ಕೆ ಜೆಲ್ ಮಾತ್ರ ಸಾಕಾಗುತ್ತದೆ.