23 ನಿಮಿಷ ಅಂತ ನಂಬಿ ತಂಗಿಯ ಕುಬಸ ತಪ್ಪಿಸಿಕೊಂಡೆ

ಬೆಳಗಾವಿಯಿಂದ ಕಲಬುರಗಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಮೊಬೈಲ್‌ನಲ್ಲಿ ಹುಡುಕುವವರು ಇದನ್ನು ಒಮ್ಮೆ ಓದಿಬಿಡಿ.

ಎರಡು ವರ್ಷದ ಹಿಂದಿನ ಮಾತು. ಕಲಬುರಗಿಯಲ್ಲಿ ತಂಗಿಯ ಕುಬಸ, ಅಂದರೆ ಸೀಮಂತ. ಅಪ್ಪ, ಅವ್ವ ಎರಡು ದಿನ ಮೊದಲೇ ಬಸ್ ಹತ್ತಿದ್ದರು. ನನಗೆ ರಜೆ ಇರಲಿಲ್ಲ. ತವರಿನ ಇಳಕಲ್ ಸೀರೆ, ಬಳೆ, ಕುಂದಾ ಡಬ್ಬಿ ಎಲ್ಲ ನನ್ನ ಬ್ಯಾಗ್‌ನಲ್ಲೇ ಉಳಿದಿತ್ತು.

ಹುಡುಕಿದೆ. 'ದೂರ ಸುಮಾರು 300 ಕಿಲೋಮೀಟರ್, ವಿಮಾನದ ಸಮಯ 23 ನಿಮಿಷ' ಅಂತ ಬಂತು. ಅವ್ವನಿಗೆ ಫೋನ್ ಮಾಡಿ, ಮುಂಜಾನೆ ಹೊರಟು ಮುಂಜಾನೆಯೇ ಬರುತ್ತೇನೆ ಅಂತ ಜಂಬ ಕೊಚ್ಚಿದೆ.

ಆ 23 ನಿಮಿಷ ಹೇಗೆ ಬರುತ್ತದೆ ಗೊತ್ತಾ? ನಕ್ಷೆಯಲ್ಲಿ ಎರಡು ಊರಿನ ನಡುವೆ ನೇರ ಗೆರೆ ಎಳೆದು, ಗಂಟೆಗೆ 800 ಕಿಲೋಮೀಟರ್‌ನಿಂದ ಭಾಗಿಸುತ್ತಾರೆ, ಅಷ್ಟೇ. ನಮ್ಮ ಕಡೆ ಬರುವ ಎಟಿಆರ್ ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನದ ವೇಗ 500ರ ಆಸುಪಾಸು. ರನ್‌ವೇ ತನಕ ಉರುಳುವುದು, ಮೇಲೇರುವುದು, ಇಳಿಯುವುದು ಯಾವುದೂ ಆ ಲೆಕ್ಕದಲ್ಲಿಲ್ಲ. ಎಲ್ಲಕ್ಕಿಂತ ದೊಡ್ಡ ಮಾತು, ಆ ದಾರಿಯಲ್ಲಿ ನನಗೆ ನೇರ ವಿಮಾನವೇ ಇರಲಿಲ್ಲ! ವಿಮಾನ ಇದೆಯೋ ಇಲ್ಲವೋ ಅಂತ ಆ ಲೆಕ್ಕ ಕೇಳುವುದೇ ಇಲ್ಲ.

ಏಜೆಂಟ್ ಬೆಂಗಳೂರಿನ ಮೇಲೆ ಟಿಕೆಟ್ ಮಾಡಿಕೊಟ್ಟ. "ನಡುವ ಒಂದು ತಾಸು ನಲವತ್ತು ನಿಮಿಷ ಐತ್ರಿ ಸರ, ಆರಾಮ ಹಿಡೀತೀರಿ ಬಿಡ್ರಿ" ಅಂದ. ಬೇರೆ ಬೇರೆ ಕಂಪನಿ, ಬೇರೆ ಬೇರೆ ಪಿಎನ್‌ಆರ್ (ಬುಕಿಂಗ್ ನಂಬರ್). ಅದರ ಅರ್ಥ ನನಗಾಗ ಗೊತ್ತಿರಲಿಲ್ಲ. ಬೆಂಗಳೂರಿಗೆ ಸುಮಾರು 440, ಅಲ್ಲಿಂದ ಕಲಬುರಗಿಗೆ 460. 300 ಕಿಲೋಮೀಟರ್ ಆಚೆಯ ಊರಿಗೆ 900 ಕಿಲೋಮೀಟರ್ ಹಾರಾಟ.

ಅವತ್ತು ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲೇ ವಿಮಾನ 50 ನಿಮಿಷ ತಡ. ಹತ್ತಕ್ಕೆ ಇಳಿಯಬೇಕಾದದ್ದು 10:50ಕ್ಕೆ ಇಳಿಯಿತು. ಮುಂದಿನ ವಿಮಾನ 11:40ಕ್ಕೆ, ಇನ್ನೂ ಟೈಮ್ ಇದೆ ಅಂದುಕೊಂಡೆ. ಪಿಎನ್‌ಆರ್ ಬೇರೆ ಆದರೆ ಬ್ಯಾಗ್ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಬೆಲ್ಟ್ ಹತ್ತಿರ ಕಾದು, ಎತ್ತಿಕೊಂಡು, ಹೊರಗೆ ಹೋಗಿ, ಮತ್ತೆ ಚೆಕ್‌ಇನ್ ಮಾಡಿಸಬೇಕು. ಕೌಂಟರ್ ಒಂದು ತಾಸು ಮೊದಲೇ ಮುಚ್ಚುತ್ತದೆ. ಅಂದರೆ ವಿಮಾನ ಹತ್ತಕ್ಕೇ ಇಳಿದಿದ್ದರೂ ನನ್ನ ಕೈಯಲ್ಲಿ ಇರುತ್ತಿದ್ದದ್ದು ಬರೀ 40 ನಿಮಿಷ. ನಾನು ಇಳಿಯುವ ಹತ್ತು ನಿಮಿಷ ಮೊದಲೇ ಆಟ ಮುಗಿದಿತ್ತು.

ಜಗಳ ಮಾಡಿದೆ. ಮೊದಲನೆಯವರು "ನಿಮ್ಮನ್ನು ಬೆಂಗಳೂರಿಗೆ ತಂದಿದ್ದೇವಲ್ಲ" ಅಂದರು. ಎರಡನೆಯವರು "ನೀವೇ ತಡವಾಗಿ ಬಂದಿರಿ" ಅಂದರು. ಒಪ್ಪಲು ಮನಸ್ಸಿಲ್ಲದಿದ್ದರೂ ಕಾಗದದ ಮೇಲೆ ಇಬ್ಬರದೂ ಸರಿ. ದುಡ್ಡು ವಾಪಸ್ ಬರಲಿಲ್ಲ. ಏಜೆಂಟ್ ಫೋನ್ ಎತ್ತಲಿಲ್ಲ.

"ಅಣ್ಣಾ, ಎಲ್ಲಿದ್ದಿ?" ಅಂತ ತಂಗಿ ಫೋನ್ ಮಾಡಿದಾಗ ನಾನು ಬ್ಯಾಗ್ ಮೇಲೆ ಕೂತಿದ್ದೆ. ಬೆಂಗಳೂರಿನಿಂದ ರಾತ್ರಿ ಸ್ಲೀಪರ್ ಬಸ್ ಹಿಡಿದು ಮರುದಿನ ಮುಟ್ಟಿದೆ. ಬೆಳಗಾವಿಯಿಂದಲೇ ಬಸ್ ಹತ್ತಿದ್ದರೆ ವಿಜಯಪುರ, ಸಿಂದಗಿ, ಜೇವರ್ಗಿ ಮೇಲೆ ರಸ್ತೆಯಲ್ಲಿ ಸುಮಾರು 360 ಕಿಲೋಮೀಟರ್. ಅಪ್ಪನ ಜೊತೆ ಸುಮ್ನೆ ಬಸ್ ಹತ್ತಬೇಕಿತ್ತು ಅಲ್ವಾ?

ವಿಮಾನದಲ್ಲೇ ಹೋಗುವುದಾದರೆ ನೀವು ಹೋಗುವ ದಿನವೇ ನೇರ ವಿಮಾನ ಇದೆಯಾ ಅಂತ ಕಂಪನಿಯದೇ ವೇಳಾಪಟ್ಟಿಯಲ್ಲಿ ನೋಡಿ. ಬದಲಾಯಿಸುವುದಿದ್ದರೆ ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಬೇಕು ಅಂತ ಏಜೆಂಟ್‌ಗೆ ಗಟ್ಟಿಯಾಗಿ ಹೇಳಿ. ಆಗುವುದಿಲ್ಲ ಅಂದರೆ ನಡುವೆ ನಾಲ್ಕೈದು ತಾಸು ಬಿಡಿ. ಕಲಬುರಗಿ ನಿಲ್ದಾಣ ಇರುವುದು ಊರಾಚೆ ಶ್ರೀನಿವಾಸ ಸರಡಗಿಯಲ್ಲಿ, ಅಲ್ಲಿಂದ ಊರಿಗೆ ಬರುವ ಹೊತ್ತನ್ನೂ ಸೇರಿಸಿಕೊಳ್ಳಿ.

ಕುಬಸದ ಫೋಟೋದಲ್ಲಿ ತಂಗಿ ಉಟ್ಟಿರುವುದು ಪಕ್ಕದ ಮನೆಯವರ ಹಸಿರು ಸೀರೆ. ನಾನು ಒಯ್ದ ಇಳಕಲ್ ಸೀರೆ ಮಗುವಿನ ತೊಟ್ಟಿಲ ಶಾಸ್ತ್ರದ ದಿನ ಹೊರಬಂತು.