ರೇಟ್ ಫೈಲಿಂಗ್ ಹೊರಗೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಅಮೆರಿಕದ ಇನ್ಶೂರೆನ್ಸ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರು ಸಾಕಷ್ಟು ಜನ ಇದ್ದೀರಿ. ಕೆಲವರು ಇಲ್ಲೇ, ಕೆಲವರು ಬೆಂಗಳೂರಿನ ಆಫೀಸುಗಳಲ್ಲಿ. ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ರೇಟ್ ಫೈಲಿಂಗ್ ಅಂದ್ರೆ ವಿಮೆಯ ದರದ ಕಾಗದಪತ್ರವನ್ನು ಸರ್ಕಾರದ ವಿಮಾ ಇಲಾಖೆಗೆ ಸಲ್ಲಿಸುವುದು. ಹೋದ ವರ್ಷ ನಾವು 212 ಮನೆಯವರಿಗೆ ಹಣ ವಾಪಸ್ ಕಳಿಸಬೇಕಾಯ್ತು. ಅದು ಹೇಗಾಯ್ತು ಅಂತ ಹೇಳ್ತೀನಿ.

ನಮ್ಮದು ಮಿಡ್‌ವೆಸ್ಟ್‌ನ ಒಂದು ಸಣ್ಣ ಕಂಪನಿ. ಐದು ರಾಜ್ಯಗಳಲ್ಲಿ ಮನೆ ವಿಮೆ ಮಾರುತ್ತೇವೆ. ಭಾರತದಲ್ಲಾದರೆ ವಿಮೆಯ ಉಸ್ತುವಾರಿಗೆ ಹೈದರಾಬಾದಿನ ಐಆರ್‌ಡಿಎಐ ಒಂದಿದೆ, ಇಲ್ಲಿ ಹಾಗೆ ಒಂದೇ ಕಡೆ ನೋಡಿದರೆ ಸಾಲದು. 1945ರ ಮೆಕ್ಯಾರನ್-ಫರ್ಗುಸನ್ ಕಾಯ್ದೆ ವಿಮೆಯ ಉಸ್ತುವಾರಿಯನ್ನು ರಾಜ್ಯಗಳ ಕೈಗೇ ಬಿಟ್ಟಿದೆ. ಹಾಗಾಗಿ ರಾಜ್ಯಕ್ಕೊಂದು ಇಲಾಖೆ, ಇಲಾಖೆಗೊಂದು ಪದ್ಧತಿ. ಟೆಕ್ಸಾಸ್‌ನಲ್ಲಿ ದರ ಫೈಲ್ ಮಾಡಿ ಬಳಸಲು ಶುರು ಮಾಡಬಹುದು. ಕ್ಯಾಲಿಫೋರ್ನಿಯಾದಲ್ಲಿ 1988ರ ಪ್ರಪೊಸಿಷನ್ 103 ಬಂದಮೇಲೆ ಮೊದಲೇ ಒಪ್ಪಿಗೆ ಬೇಕು. ಹೆಚ್ಚಿನ ರಾಜ್ಯಗಳಿಗೆ ಕಾಗದಪತ್ರ ಹೋಗುವುದು ಸರ್ಫ್ ಎನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ. ಫ್ಲೋರಿಡಾದವರದ್ದು ತಮ್ಮದೇ ಬೇರೆ ಪೋರ್ಟಲ್.

ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ನಮ್ಮ ಹಳಬರು ನಿವೃತ್ತರಾದರು. ಹೊಸಬರನ್ನು ತೆಗೆದುಕೊಳ್ಳುವ ಬದಲು ಹೊರಗಿನ ಒಂದು ಸಂಸ್ಥೆಗೆ ಕೊಡೋಣ ಅಂತ ತೀರ್ಮಾನವಾಯ್ತು. ಹೆಸರು ಬೇಡ ಬಿಡಿ. ಅವರು ತಮ್ಮ ಸೇವೆ ಮಾರಲು ಬಂದ ಮೀಟಿಂಗಿನಲ್ಲಿ ಒಬ್ಬ ಹಿರಿಯರಿದ್ದರು. ಇಲಾಖೆಯಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವರು, ಏನು ಕೇಳಿದರೂ ಪಟ್ ಅಂತ ಉತ್ತರ. ಸಹಿ ಹಾಕಿದ ಮೇಲೆ ಅವರ ಮುಖ ನಾನು ನೋಡಲೇ ಇಲ್ಲ. ನಮ್ಮ ಕೆಲಸ ಹೋಗಿದ್ದು ಆರು ತಿಂಗಳ ಅನುಭವದ ಒಬ್ಬ ಹುಡುಗನಿಗೆ. ಅವನದ್ದೂ ತಪ್ಪಿಲ್ಲ ಪಾಪ, ಅವನ ತಲೆ ಮೇಲೆ ಎಷ್ಟು ಕಂಪನಿಗಳಿದ್ದವೋ.

ನಾವು ಅಧಿಕಾರ ಪತ್ರ ಕೊಟ್ಟೆವು. ಅದಿಲ್ಲದೆ ಬೇರೆಯವರು ನಮ್ಮ ಪರವಾಗಿ ಫೈಲ್ ಮಾಡಲು ಇಲಾಖೆಗಳು ಬಿಡುವುದಿಲ್ಲ. ಆಮೇಲೆ ಪ್ರತಿ ಶುಕ್ರವಾರ ಒಂದು ಎಕ್ಸೆಲ್ ಶೀಟ್ ಬರುತ್ತಿತ್ತು. ರಾಜ್ಯಕ್ಕೊಂದು ಸಾಲು, ಪಕ್ಕದಲ್ಲಿ ಬಣ್ಣ. ಮೊದಲೇ ಒಪ್ಪಿಗೆ ಬೇಕಾದ ಒಂದು ರಾಜ್ಯದ ಸಾಲು ಒಂದು ಶುಕ್ರವಾರ ಹಸಿರಾಯ್ತು. ‘ಅಪ್ರೂವ್ಡ್’. ನಾನು ಅದನ್ನೇ ಬೆಂಗಳೂರಿನ ತಂಡಕ್ಕೆ ಕಳಿಸಿದೆ. ಅವರು ಹೊಸ ದರ ಸಿಸ್ಟಮ್‌ಗೆ ಹಾಕಿದರು. ನವೀಕರಣದ ಬಿಲ್ಲುಗಳು ಹೊರಟವು.

ನಿಜ ಸಂಗತಿ ಏನಪ್ಪಾ ಅಂದ್ರೆ, ಆ ರಾಜ್ಯದಲ್ಲಿ ನಮ್ಮ ಫೈಲಿಂಗ್ ಎರಡಿತ್ತು. ಪಾಲಿಸಿ ಫಾರ್ಮಿಗೆ, ಅಂದ್ರೆ ಷರತ್ತುಗಳಿರುವ ಪತ್ರಕ್ಕೆ ಒಂದು, ದರಕ್ಕೆ ಒಂದು. ಒಪ್ಪಿಗೆ ಸಿಕ್ಕಿದ್ದು ಫಾರ್ಮಿಗೆ. ದರದ ಫೈಲಿಂಗ್ ಮೇಲೆ ಇಲಾಖೆಯವರು ಆಕ್ಷೇಪಣೆ ಪತ್ರ ಕಳಿಸಿದ್ದರು, ಉತ್ತರಕ್ಕೆ ಗಡುವು ಹಾಕಿ. ಸರ್ಫ್‌ನ ಇಮೇಲ್ ಸೂಚನೆ ಹೋಗುತ್ತಿದ್ದುದು ಆ ಹುಡುಗನೊಬ್ಬನಿಗೆ. ಅವನು ರಜೆಯಲ್ಲಿದ್ದ. ಗಡುವು ದಾಟಿತು, ಫೈಲಿಂಗ್ ತಿರಸ್ಕೃತವಾಯ್ತು. ಶೀಟ್ ಮಾತ್ರ ಹಸಿರಾಗಿಯೇ ಇತ್ತು.

ನಮ್ಮ ಏಜೆಂಟರೊಬ್ಬರು ಫೋನ್ ಮಾಡಿ ಕೇಳಿದ ಮೇಲೆ ನನಗೆ ಅನುಮಾನ ಬಂತು. ಸರ್ಫ್ ಫೈಲಿಂಗ್‌ಗಳನ್ನು ಸಾರ್ವಜನಿಕರು ನೋಡುವ ಪುಟವೊಂದಿದೆ. ನನ್ನ ಕಂಪನಿಯ ಫೈಲಿಂಗನ್ನು ನಾನು ಹೊರಗಿನವನ ಹಾಗೆ ಅಲ್ಲಿ ಹುಡುಕಿದೆ! ಆಕ್ಷೇಪಣೆ ಪತ್ರ ತೆರೆದರೆ ಕೈ ತಣ್ಣಗಾಯ್ತು. ಮೊದಲ ಪ್ರಶ್ನೆ: ದರದ ಶೆಡ್ಯೂಲ್‌ನಲ್ಲಿ ಗರಿಷ್ಠ ಏರಿಕೆ 12.4% ಅಂತ ಇದೆ, ಲಗತ್ತಿನಲ್ಲಿ 18.9% ಇದೆ, ಯಾವುದು ಸರಿ? ಎರಡನೆಯದು ಇನ್ನೂ ಚೆನ್ನಾಗಿತ್ತು. ನಿಮ್ಮ ವಿವರಣೆಯ 7ನೇ ಪುಟದಲ್ಲಿ ಬೇರೊಂದು ಕಂಪನಿಯ ಹೆಸರಿದೆಯಲ್ಲ, ಯಾಕೆ? ಹಳೇ ಗಿರಾಕಿಯ ಕಡತದಿಂದ ಎತ್ತಿ ಅಂಟಿಸಿದ್ದರು. ನಮ್ಮದು ಇನ್ಯಾರ ಕಡತದಲ್ಲಿ ಕೂತಿದೆಯೋ.

ರಾತ್ರಿಯೇ ಬೆಂಗಳೂರಿಗೆ ಫೋನ್ ಮಾಡಿದೆ. ‘ಪ್ರೊಡಕ್ಷನ್‌ಗೆ ಹೋಗಿ ಹನ್ನೊಂದು ದಿನ ಆಯ್ತಲ್ಲ ಸರ್’ ಅಂದಳು ಅಲ್ಲಿನ ಹುಡುಗಿ. ಅಂದ್ರೆ ಹೊಸ ದರ ಅಷ್ಟು ದಿನದಿಂದ ಬಳಕೆಯಲ್ಲಿತ್ತು. ಹಳೇ ದರಕ್ಕೆ ತಿರುಗಿಸಲು ಎರಡು ದಿನ ಹಿಡಿಯಿತು. ಆ 212 ಮನೆಯವರಿಗೆ ಹಣ ವಾಪಸ್ ಹೋಗಿದ್ದು ಇದಕ್ಕೇ. ಇಲಾಖೆಗೆ ನಾವೇ ಹೋಗಿ ತಪ್ಪೊಪ್ಪಿಕೊಂಡೆವು. ಅವರಾಗಿ ಕಂಡುಹಿಡಿದಿದ್ದರೆ ಕಥೆ ಇನ್ನೂ ಕೆಡುತ್ತಿತ್ತು. ಯಾರೇ ಫೈಲ್ ಮಾಡಿರಲಿ, ಇಲಾಖೆಗೆ ಉತ್ತರ ಹೇಳಬೇಕಾದವರು ನಾವೇ ಅಲ್ವಾ?

ಈಗಲೂ ಹೊರಗೇ ಕೊಡುತ್ತೇವೆ, ಬೇರೆಯವರಿಗೆ. ಆದರೆ ಸರ್ಫ್ ಲಾಗಿನ್ ನಮ್ಮ ಹತ್ತಿರವೂ ಇದೆ, ಇಮೇಲ್ ಸೂಚನೆ ನಮ್ಮ ಮೂವರಿಗೆ ಬರುತ್ತದೆ. ಇಲಾಖೆಯ ಅಂತಿಮ ಆದೇಶದ ಪಿಡಿಎಫ್ ಕಣ್ಣಿಗೆ ಬೀಳದೆ ಬೆಂಗಳೂರಿನವರು ಒಂದಂಕಿಯನ್ನೂ ಮುಟ್ಟುವುದಿಲ್ಲ. ಫೈಲ್ ಮಾಡುವವರ ಹೆಸರು, ಅವರು ರಜೆ ಹಾಕಿದರೆ ಯಾರು ಅನ್ನುವುದು ಕಾಂಟ್ರಾಕ್ಟ್‌ನಲ್ಲೇ ಇದೆ.

ಆ ಹಳೇ ಸಂಸ್ಥೆಯವರ ಕೊನೆಯ ಬಿಲ್ ಬಂದಾಗ ಅದರಲ್ಲಿ ಒಂದು ಸಾಲು ಜಾಸ್ತಿ ಇತ್ತು: ‘ಮರು ಫೈಲಿಂಗ್ ಶುಲ್ಕ’. ಕಾಂಟ್ರಾಕ್ಟ್ ತೆಗೆದು ನೋಡಿದೆ. ಫೈಲಿಂಗ್ ಒಂದಕ್ಕೆ ಇಷ್ಟು ಅಂತ ಬರೆದಿತ್ತು. ತಪ್ಪು ಅವರದ್ದಾದರೆ ಏನು ಅಂತ ಎಲ್ಲೂ ಇರಲಿಲ್ಲ. ಕೊಟ್ಟೆವು.