ಚೆಂಡು ಹೂವಿನ ಹಾರ ಹಾಕಿದ ಮರ ಕೊಯ್ಯುವ ಮೆಷಿನ್ ಫೋಟೋ ನಿಮಗೂ ಬಂದಿದೆಯಾ? ದುಡ್ಡು ಕಳಿಸಬೇಡಿ

ಮೊನ್ನೆ ಶೃಂಗೇರಿ ಕಡೆಯವರೊಬ್ಬರು ಫೋನ್ ಮಾಡಿದರು. "ಮೆಷಿನ್ ಹೇಗಿದೆ? ನಿಮ್ಮ ನಂಬರ್ ಡೀಲರ್ ಕೊಟ್ಟರು, ಫೋಟೋನೂ ಕಳಿಸಿದ್ದಾರೆ" ಅಂದರು. ಯಾವ ಫೋಟೋ ಅಂತ ಕೇಳಿದೆ. ವಾಟ್ಸಾಪ್‌ನಲ್ಲಿ ಕಳಿಸಿದರು. ನೋಡಿದರೆ ನಾನೇ! ಬಿಳಿ ಪಂಚೆ, ಕೆಂಪು ಶಾಲು, ಪಕ್ಕದಲ್ಲಿ ಹಾರ ಹಾಕಿದ ಮೆಷಿನ್. ಕೆಳಗೆ "ಮಲೆನಾಡಿನ ನಮ್ಮ ಸಂತೃಪ್ತ ಗ್ರಾಹಕರು" ಅಂತ ಬರೆದಿದ್ದಾನೆ. ಪಿತ್ತ ನೆತ್ತಿಗೇರಿತು. ನಾಲ್ಕು ತಿಂಗಳಿಂದ ಮರ್ಯಾದೆಗೆ ಅಂಜಿ ಯಾರಿಗೂ ಹೇಳದೆ ಕೂತಿದ್ದೆ. ಇನ್ನು ಸುಮ್ಮನಿರುವುದಿಲ್ಲ.

ನಮ್ಮದು ಹೊಸನಗರದ ಹತ್ತಿರ ಅಡಿಕೆ ತೋಟ. ಕಳೆದ ಮಳೆಗಾಲದಲ್ಲಿ ಎರಡು ಹಲಸಿನ ಮರ, ನಾಲ್ಕು ಸಿಲ್ವರ್ ಓಕ್ ಬಿದ್ದವು. ಮರಗೆಲಸ ನನಗೆ ಹುಚ್ಚು. ಮಣೆ, ಸ್ಟೂಲು, ಕಪಾಟು ಅಂತ ಏನಾದರೂ ಮಾಡುತ್ತಲೇ ಇರುತ್ತೇನೆ. ಚೈನ್ ಸಾದಲ್ಲಿ ಹಲಗೆ ಸೀಳಿದರೆ ಪ್ರತಿ ಸೀಳಿಗೂ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಮರ ಹುಡಿಯಾಗಿ ಹೋಗುತ್ತದೆ. ಪಟ್ಟಿಯ ಹಾಗೆ ಸುತ್ತುವ ತೆಳು ಬ್ಲೇಡ್ ಇರುವ ಬ್ಯಾಂಡ್ ಸಾದಲ್ಲಿ ಎರಡು ಮೂರು ಮಿಲಿಮೀಟರ್ ಅಷ್ಟೇ. ಆ ಲೆಕ್ಕಕ್ಕೇ ಬಿದ್ದೆ. ಹಳಿ ಮೇಲೆ ತಳ್ಳಿಕೊಂಡು ಹೋಗುವ ಸಣ್ಣ ಮೆಷಿನ್, ಪೆಟ್ರೋಲ್ ಇಂಜಿನ್. ವಿಡಿಯೋದಲ್ಲಿ ಬೆಣ್ಣೆ ಕೊಯ್ದ ಹಾಗೆ ಹೋಗುತ್ತಿತ್ತು.

ಬೆಂಗಳೂರಿನ ಡೀಲರ್. ಹೆಸರು ಬರೆಯುವುದಿಲ್ಲ, ವಕೀಲರು ಬೇಡ ಅಂದಿದ್ದಾರೆ. 14 ಎಚ್‌ಪಿ ಇಂಜಿನ್, 26 ಇಂಚು ದಪ್ಪದ ದಿಮ್ಮಿ ಕೊಯ್ಯುತ್ತದೆ, 2 ಲಕ್ಷ 35 ಸಾವಿರ ಅಂದ. "ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಆಗುತ್ತೆ ಸರ್, ಸುಮ್ನೆ ಯಾಕೆ?" ಅಂದ. 42 ಸಾವಿರ ಉಳಿಯಿತು ಅಂತ ಹೂಂ ಅಂದೆ. ಹೌದು, ನಾನೇ ಹೂಂ ಅಂದೆ. ಬೈಯುವವರು ಬೈಯಿರಿ, ಮನೆಯಲ್ಲಿ ಆಗಲೇ ಸಾಕಷ್ಟು ಆಗಿದೆ.

ಲೈಸೆನ್ಸ್ ಕೇಳಿದೆ. ನಮ್ಮ ಕಡೆ ಸಾಮಿಲ್ ಅಂದರೆ ಅರಣ್ಯ ಇಲಾಖೆ ಲೈಸೆನ್ಸ್ ಇಲ್ಲದೆ ಆಗುವ ಮಾತಲ್ಲ. 2002ರ ಸುಪ್ರೀಂ ಕೋರ್ಟ್ ಆದೇಶದ ಮೇಲಂತೂ ಹೊಸ ಮಿಲ್‌ಗೆ ಲೈಸೆನ್ಸ್ ಇನ್ನೂ ಬಿಗಿ. ಅದಕ್ಕೆ ಅವನ ಉತ್ತರ ಕೇಳಿ: "ಇದು ಮಿಲ್ ಅಲ್ಲ ಸರ್, ಪೋರ್ಟಬಲ್. ಚಕ್ರ ಇದೆಯಲ್ಲಾ!" ಚಕ್ರ ಇದ್ದರೆ ಮಿಲ್ ಅಲ್ಲವಂತೆ. ಇದನ್ನೂ ನಂಬಿದೆ.

ಡೆಮೋ ತೋರಿಸಿದ, ಇಲ್ಲ ಅನ್ನುವುದಿಲ್ಲ. ಹತ್ತಿಂಚಿನ ಹಸಿ ಸಿಲ್ವರ್ ಓಕ್, ಹೊಸ ಬ್ಲೇಡ್. ಅದು ಯಾವ ಮೆಷಿನ್ ಆದರೂ ಕೊಯ್ಯುತ್ತದೆ ಅಂತ ಈಗ ಗೊತ್ತು.

ಮೆಷಿನ್ ಬಂದಿದ್ದು ನವರಾತ್ರಿಯಲ್ಲಿ. ಆಯುಧ ಪೂಜೆ ದಿನವೇ ಶುರು ಮಾಡೋಣ ಅಂತ ಹಾರ ಹಾಕಿ, ಬೂದುಗುಂಬಳ ಒಡೆದು, ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದಿದ್ದೆ. ಅವಲಕ್ಕಿ, ಕಾಫಿ ಎಲ್ಲ ಆಯಿತು. 24 ಇಂಚಿನ ಹಲಸಿನ ದಿಮ್ಮಿ ಹಳಿ ಮೇಲೆ ಹತ್ತಿಸಲಿಕ್ಕೇ ಆರು ಜನ ಬೇಕಾಯಿತು. ಹತ್ತಿಸಿದರೆ ಮೆಷಿನ್ ಮುಂದಕ್ಕೆ ಹೋಗುವುದಿಲ್ಲ. ಟೇಪ್ ಹಿಡಿದೆ. ಬ್ಲೇಡ್ ಅತ್ತಿತ್ತ ಹೋಗದಂತೆ ಹಿಡಿಯುವ ಎರಡು ರೋಲರ್ ಇವೆಯಲ್ಲ, ಅವುಗಳ ನಡುವೆ 20 ಇಂಚು ಮಾತ್ರ! ಸರಿ, ಮಗ್ಗುಲು ಚೈನ್ ಸಾದಲ್ಲಿ ಕೆತ್ತಿ ಮತ್ತೆ ಶುರು ಮಾಡಿದೆವು. ಮೊದಲ ತೊಗಟೆ ಸೀಳು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದು ಮೂರು ಅಡಿ ಹೋಗಿರಬಹುದು, ಇಂಜಿನ್ ಸದ್ದು ಇಳಿಯಿತು, ಬೆಲ್ಟ್ ಸುಟ್ಟ ವಾಸನೆ, ನಿಂತೇಹೋಯಿತು. ಬ್ಲೇಡ್ ಮರದೊಳಗೆ ಕಚ್ಚಿಕೊಂಡಿತು. ಸೀಳಿಗೆ ಆಪು (ಬೆಣೆ) ಹೊಡೆದು, ಹಾರೆ ಹಾಕಿ ಬಿಡಿಸಲು ಒಂದು ಗಂಟೆ. ಎಲ್ಲರೂ ನಿಂತು ನೋಡುತ್ತಿದ್ದಾರೆ. ಯಾರೂ ಮಾತಾಡುವುದಿಲ್ಲ. ಅದೇ ಜಾಸ್ತಿ ಕಷ್ಟ. ಕೊನೆಗೆ ಭಾವ ಅಂದರು, "ಹೋಗ್ಲಿ ಬಿಡು ಮಾರಾಯ, ಆ ಕುಂಬಳಕಾಯಿ ಆದ್ರೂ ಕೊಯ್ತದಾ ನೋಡು."

ಮರುದಿನ ಹೇಗೋ ಒಂದು ಹಲಗೆ ತೆಗೆದೆ. ಒಂದು ತುದಿ ಒಂದಿಂಚು, ನಡುವೆ ಮುಕ್ಕಾಲು, ಆ ತುದಿ ಒಂದೂವರೆ. ಸುಟ್ಟ ಹಪ್ಪಳದ ಹಾಗೆ ಅಲೆ ಅಲೆ.

ಡೀಲರ್‌ಗೆ ಫೋನ್ ಮಾಡಿದೆ. ಮೊದಲ ದಿನ: "ನೀವು ಹೊಸಬರು ಸರ್, ಕೈ ಕುದುರಬೇಕು." ಎರಡನೇ ದಿನ: "ಹಲಸಿನ ಮೇಣ ಸರ್, ಬ್ಲೇಡ್‌ಗೆ ನೀರು ಜಾಸ್ತಿ ಬಿಡಿ." ಬಿಟ್ಟೆ. ಮೂರನೇ ಸಲ: "ಮೆಷಿನ್‌ದು ಏನೂ ತಪ್ಪಿಲ್ಲ ಸರ್, ನಿಮ್ಮ ಮರ ಸರಿ ಇಲ್ಲ." ನಮ್ಮ ಮರ ಸರಿ ಇಲ್ಲ! ಅಜ್ಜ ನೆಟ್ಟ ಹಲಸು ಅದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. 26 ಇಂಚು ಅಂದಿದ್ದಿರಲ್ಲ ಅಂತ ಕೇಳಿದ್ದಕ್ಕೆ, "ಅದು ಫ್ರೇಮ್ ಅಳತೆ ಸರ್, ಕೊಯ್ಯೋ ಅಳತೆ ನೀವು ಕೇಳಲೇ ಇಲ್ಲ." ನಾನು ಕೇಳಲೇ ಇಲ್ಲವಂತೆ!

ಆಮೇಲೆ ಪೇಟೆಯಿಂದ ಪಂಪ್ ರಿಪೇರಿ ಹುಡುಗನನ್ನು ಕರೆಸಿದೆ. ಇಂಜಿನ್ ಮೇಲಿನ ಧೂಳು ಒರೆಸಿ ನಕ್ಕ. "ಅಣ್ಣಾ, ಇದು ನೀರೆತ್ತೋ ಪಂಪಿಗೆ ಹಾಕೋ ಇಂಜಿನ್ ಅಲ್ವಾ?" ಬ್ಲಾಕ್ ಮೇಲೆ 212 ಸಿಸಿ ಅಂತ ಅಚ್ಚಾಗಿದೆ. ಮೇಲೆ 14 ಎಚ್‌ಪಿ ಸ್ಟಿಕರ್. ಈ ಜಾತಿ ಪೆಟ್ರೋಲ್ ಇಂಜಿನ್‌ಗೆ ಹೆಚ್ಚುಕಡಿಮೆ 30 ಸಿಸಿಗೆ ಒಂದು ಎಚ್‌ಪಿ ಲೆಕ್ಕ. ಅಂದರೆ ಏಳು. 14 ಬೇಕಾದರೆ 420 ಸಿಸಿ ಇರಬೇಕಿತ್ತು. ಸ್ಟಿಕರ್‌ಗೆ ನಾನು ಎರಡು ಲಕ್ಷ ಕೊಟ್ಟಿದ್ದೇನೆ. ಫೋಟೋ ತೆಗೆದು ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ದೀಪಾವಳಿ ಶುಭಾಶಯ ಬಂತು.

ಬ್ಲೇಡ್ ಕಥೆ ಇನ್ನೊಂದು. ಇಂಥ ಸಣ್ಣ ಮೆಷಿನ್‌ಗೆ 144 ಇಂಚು ಉದ್ದದ ಬ್ಲೇಡ್ ಸಾಮಾನ್ಯವಾಗಿ ಸಿಗುತ್ತದೆ. ನನ್ನದು ಮೂರು ಇಂಚು ಕಡಿಮೆ. ಅವನ ಹತ್ತಿರ ಬಿಟ್ಟು ಬೇರೆ ಕಡೆ ಇಲ್ಲ. ಶಿವಮೊಗ್ಗದ ಸಾಮಿಲ್‌ನಲ್ಲಿ ಹರಿತ ಮಾಡಿಸೋಣ ಅಂತ ಹೋದರೆ ಅವರದ್ದು ಅಂಗೈ ಅಗಲದ ಬ್ಲೇಡ್, ನನ್ನದು ಒಂದೂಕಾಲು ಇಂಚಿನದು. ಅವರ ಮೆಷಿನ್‌ಗೆ ಕೂರುವುದೇ ಇಲ್ಲ. ಅಲ್ಲಿನ ಹಿರಿಯ ಮೇಸ್ತ್ರಿ ಹಲ್ಲಿನ ಮೇಲೆ ಉಗುರು ಎಳೆದು, "ಇದಕ್ಕೆ ಸೆಟ್ ಇಲ್ಲ, ಹಲ್ಲು ಎರಡೂ ಕಡೆ ಸರಿಯಾಗಿ ಬಗ್ಗಿಲ್ಲ. ಅದಕ್ಕೇ ಕಚ್ಚಿಕೊಳ್ತದೆ, ಅಲೆ ಬರ್ತದೆ" ಅಂದರು. ಎರಡು ನಿಮಿಷ ಸಾಕಾಯಿತು ಅವರಿಗೆ.

ಗ್ರಾಹಕರ ಕೋರ್ಟಿಗೆ ಹೋಗೋಣ ಅಂತ ವಕೀಲರ ಹತ್ತಿರ ಹೋದರೆ ಮೊದಲು ಕೇಳಿದ್ದೇ ಬಿಲ್.

ತೆಗೆದುಕೊಳ್ಳಲೇಬೇಕು ಅಂತಿದ್ದರೆ ನಿಮ್ಮದೇ ದಿಮ್ಮಿ ಗಾಡಿಯಲ್ಲಿ ಹಾಕಿಕೊಂಡು ಡೆಮೋಗೆ ಹೋಗಿ, ಗಟ್ಟಿ ಮರವನ್ನೇ ಒಯ್ಯಿರಿ. ರೋಲರ್ ನಡುವಿನ ಅಳತೆ ನೀವೇ ಟೇಪ್ ಹಿಡಿದು ನೋಡಿ. ಸ್ಟಿಕರ್ ಬಿಡಿ, ಸಿಸಿ ಓದಿ. ಬ್ಲೇಡ್ ಇನ್ನೆರಡು ಕಡೆ ಸಿಗುತ್ತದಾ ಅಂತ ವಿಚಾರಿಸಿ. ದುಡ್ಡು ಕೊಡುವ ಮೊದಲು ಅರಣ್ಯ ಇಲಾಖೆ ಕಚೇರಿಯಿಂದ ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ. ನಾನು ಈಗ ಅರ್ಜಿ ಕೊಟ್ಟು ಕಾಯುತ್ತಿದ್ದೇನೆ, ಮೆಷಿನ್ ಟಾರ್ಪಾಲ್ ಅಡಿಯಲ್ಲಿದೆ. ಬಿಲ್ ತಗೊಳ್ಳಿ, ಬಿಲ್ ತಗೊಳ್ಳಿ, ಬಿಲ್ ತಗೊಳ್ಳಿ.

ಆ ಫೋಟೋ ನಿಮಗೂ ಬಂದರೆ ಸ್ವಲ್ಪ ದೊಡ್ಡದು ಮಾಡಿ ನೋಡಿ. ಹಾರದ ಕೆಳಗೆ ಬ್ಲೇಡ್ ದಿಮ್ಮಿಯೊಳಗೆ ಸಿಕ್ಕಿಕೊಂಡಿದೆ. ಸೀಳಿನಲ್ಲಿ ಎರಡು ಆಪು ಕಾಣುತ್ತವೆ. ಹಿಂದೆ ಹಾರೆ ಹಿಡಿದು ನಿಂತವರು ನಮ್ಮ ಭಾವ.